ಕರುಳು ಪರೀಕ್ಷೆಯ ಹಿಂದಿನ ರಾತ್ರಿ



“ದೊಡ್ಡ ಕರುಳನ್ನು ಒಮ್ಮೆ ಒಳಗಿನಿಂದ ನೋಡಿಬಿಡೋಣ, ಕೊಲೊನೊಸ್ಕೋಪಿ ಮಾಡಿಸಿ” ಎಂದು ವೈದ್ಯರು ಹೇಳಿ ಕಳುಹಿಸಿದ್ದಾರೆ. ಕೈಯಲ್ಲಿ ಔಷಧಿ ಪುಡಿಯ ದೊಡ್ಡ ಪೊಟ್ಟಣ, ಜೊತೆಗೆ ಸೂಚನೆಗಳ ಒಂದು ಹಾಳೆ. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಆ ಹಾಳೆಯನ್ನು ಓದುತ್ತೀರಿ. ಸಂಜೆ ಒಂದು ಲೀಟರ್ ಭೇದಿ ಔಷಧಿ ಕುಡಿಯಬೇಕು, ಬೆಳಗಿನ ಜಾವ ಎದ್ದು ಇನ್ನೊಂದು ಲೀಟರ್ ಕುಡಿಯಬೇಕು! ನೀವೋ ಮೊದಲೇ ರಾತ್ರಿಯೆಲ್ಲಾ ನಿದ್ದೆ ಬಾರದೆ ಹೊರಳಾಡುವವರು. ಸಕ್ಕರೆ ಕಾಯಿಲೆಯ ಮಾತ್ರೆ ಬೇರೆ, ಬಿ.ಪಿ. ಮಾತ್ರೆ ಬೇರೆ. ಇದರ ಮೇಲೆ ಇದೂ ಬೇಕೇ ಎನಿಸುತ್ತದೆ. ಹಾಳೆಯನ್ನು ಮಡಿಚಿ ಕಪಾಟಿನಲ್ಲಿ ಇಡುತ್ತೀರಿ. “ಹಬ್ಬ ಮುಗಿಯಲಿ”, “ಮಗ ಗಲ್ಫಿನಿಂದ ಬರಲಿ” ಎನ್ನುತ್ತಾ ತಿಂಗಳುಗಳು ಉರುಳುತ್ತವೆ.

ಆ ಹಾಳೆಯನ್ನು ಕಪಾಟಿನಿಂದ ಮತ್ತೆ ಹೊರಗೆ ತೆಗೆಸುವುದೇ ಇಂದಿನ ಪಾಠದ ಉದ್ದೇಶ. ನಿದ್ದೆ ಕೆಡುತ್ತದೆ ಎಂದು ಪರೀಕ್ಷೆಯನ್ನು ಬಿಡಬೇಕಾಗಿಲ್ಲ. ಪರೀಕ್ಷೆಗಾಗಿ ಇಡೀ ರಾತ್ರಿ ಜಾಗರಣೆ ಮಾಡಬೇಕಾಗಿಯೂ ಇಲ್ಲ.

ಏಕೆ ಈ ಪರೀಕ್ಷೆ?

ನಮ್ಮ ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದವಿದೆ. ಅದರ ಒಳಗೋಡೆಯಲ್ಲಿ ಕೆಲವರಿಗೆ ‘ಪಾಲಿಪ್’ ಎಂಬ ಸಣ್ಣ ಸಣ್ಣ ಗಂಟುಗಳು ಹುಟ್ಟುತ್ತವೆ. ಹೆಚ್ಚಿನವು ನಿರುಪದ್ರವಿಗಳು. ಕೆಲವು ಮಾತ್ರ ನಿಧಾನವಾಗಿ, ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತೆಗೆದುಕೊಂಡು ಕ್ಯಾನ್ಸರ್ ಆಗಿ ಬೆಳೆಯುತ್ತವೆ. ಕ್ಯಾಮರಾ ಇರುವ ಮೆತ್ತನೆಯ ನಳಿಕೆಯನ್ನು ಒಳಗೆ ಬಿಟ್ಟು ಈ ಗಂಟನ್ನು ಕಂಡುಹಿಡಿಯಬಹುದು. ಹೆಚ್ಚಿನ ಸಂದರ್ಭಗಳಲ್ಲಿ ಅದೇ ನಳಿಕೆಯ ಮೂಲಕ ತಂತಿಯ ಕುಣಿಕೆ ಹಾಕಿ, ಹೊಟ್ಟೆ ಕೊಯ್ಯದೆ ಅಲ್ಲೇ ಕತ್ತರಿಸಿ ತೆಗೆಯಲೂಬಹುದು. 1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್ ಎಂಬ ವೈದ್ಯರು ಈ ದಾರಿಯನ್ನು ತೆರೆದರು. ಆಗುವ ಮೊದಲೇ ತಡೆಯಬಹುದಾದ ಕೆಲವೇ ಕ್ಯಾನ್ಸರುಗಳಲ್ಲಿ ಇದೂ ಒಂದು.

ಮಲದಲ್ಲಿ ರಕ್ತ ಕಂಡರೆ “ಮೂಲವ್ಯಾಧಿ ಇರಬೇಕು” ಎಂದು ನಾವೇ ತೀರ್ಪು ಕೊಟ್ಟುಕೊಳ್ಳುತ್ತೇವೆ. ಹೇಳಿಕೊಳ್ಳಲು ನಾಚಿಕೆ. ಹೆಂಡತಿಗೂ ಹೇಳದ ಗಂಡಂದಿರು, ಮಕ್ಕಳಿಗೂ ಹೇಳದ ತಾಯಂದಿರು ನಮ್ಮಲ್ಲಿ ಇದ್ದಾರೆ. ಇಲ್ಲಿ ಒಂದು ಘಟನೆಯನ್ನು ನೆನಪಿಸಿಕೊಳ್ಳೋಣ. 1992ರ ಜುಲೈ 12ರ ಭಾನುವಾರ ಜಗದ್ಗುರು ಎರಡನೇ ಜಾನ್ ಪಾಲರು ಸಂತ ಪೇತ್ರರ ಚೌಕದಲ್ಲಿ ನೆರೆದಿದ್ದ ಜನರಿಗೆ, ತಾವು ಅಂದೇ ಸಂಜೆ ಪರೀಕ್ಷೆಗಳಿಗಾಗಿ ರೋಮಿನ ಜೆಮೆಲ್ಲಿ ಆಸ್ಪತ್ರೆಗೆ ಸೇರುತ್ತಿರುವುದಾಗಿ ತಾವೇ ತಿಳಿಸಿದರು. ಜುಲೈ 15ರಂದು ಅವರ ದೊಡ್ಡ ಕರುಳಿನಲ್ಲಿದ್ದ ಗೆಡ್ಡೆಯನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಅನಂತರ ಅವರು 2005ರವರೆಗೆ ಬದುಕಿದ್ದರು. ಲೋಕದ ಮುಂದೆ ಅವರು ಆಡಿದ ಮಾತನ್ನು ನಾವು ನಮ್ಮ ಮನೆಯವರ ಮುಂದೆ ಆಡಲು ಏಕೆ ಹಿಂಜರಿಯಬೇಕು?

ಬೆಳಗಿನ ಜಾವದ ಪಾಲು ಬೇಡವೆಂದರೆ?

ನಿದ್ದೆಯ ತೊಂದರೆ ಇರುವ ಪ್ರತಿಯೊಬ್ಬರೂ ಕೇಳುವ ಪ್ರಶ್ನೆ ಇದು: “ಎಲ್ಲವನ್ನೂ ಸಂಜೆಯೇ ಕುಡಿದು ಮಲಗಿಬಿಡಬಾರದೇ?”

ಹಿಂದೆ ಹಾಗೆಯೇ ಮಾಡಿಸುತ್ತಿದ್ದರು. ಆದರೆ ನಾವು ಮಲಗಿದ್ದಾಗಲೂ ಸಣ್ಣ ಕರುಳು ಸುಮ್ಮನಿರುವುದಿಲ್ಲ. ಪಿತ್ತ ಬೆರೆತ ಅಂಟು ದ್ರವವು ರಾತ್ರಿಯೆಲ್ಲಾ ಇಳಿದು ದೊಡ್ಡ ಕರುಳಿನ ಮೊದಲ ಭಾಗದಲ್ಲಿ, ಅಂದರೆ ಹೊಟ್ಟೆಯ ಬಲಬದಿಯಲ್ಲಿ, ಲೇಪದಂತೆ ಕೂರುತ್ತದೆ. ಸುಲಭವಾಗಿ ಕಣ್ಣಿಗೆ ಬೀಳದ ಚಪ್ಪಟೆ ಗಂಟುಗಳು ಹೆಚ್ಚಾಗಿ ಇರುವುದೂ ಅಲ್ಲಿಯೇ. ಬೆಳಗಿನ ಪಾಲು ಆ ಲೇಪವನ್ನು ತೊಳೆಯುತ್ತದೆ. ಅದನ್ನು ಬಿಟ್ಟರೆ ವೈದ್ಯರು ಮಂಜು ಮುಸುಕಿದ ರಸ್ತೆಯಲ್ಲಿ ಗಾಡಿ ಓಡಿಸಿದಂತಾಗುತ್ತದೆ. ಪರೀಕ್ಷೆಗೆ ಬರುವವರಲ್ಲಿ ನಾಲ್ಕರಲ್ಲಿ ಒಂದು ಪಾಲಿನಷ್ಟು ಜನರ ಕರುಳು ಸರಿಯಾಗಿ ಶುದ್ಧವಾಗಿರುವುದಿಲ್ಲ ಎಂದು ಅಧ್ಯಯನಗಳು ಹೇಳುತ್ತವೆ. ಆಗ ಗಂಟು ಕಣ್ತಪ್ಪಬಹುದು, ಇಲ್ಲವೇ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕಾಗಬಹುದು. ಒಂದು ರಾತ್ರಿ ಉಳಿಸಲು ಹೋಗಿ ಎರಡು ರಾತ್ರಿ ಕಳೆದುಕೊಂಡಂತೆ!

ಆದ್ದರಿಂದ ಎರಡನೇ ಪಾಲನ್ನು ಬಿಡಬೇಡಿ. ಬದಲಿಗೆ ಗಡಿಯಾರವನ್ನು ನಿಮಗೆ ಅನುಕೂಲವಾಗುವಂತೆ ಹೊಂದಿಸಿಕೊಳ್ಳಿ.

ನಿದ್ದೆ ಉಳಿಸುವ ಲೆಕ್ಕ

ನಿಯಮ ಸರಳವಾಗಿದೆ. ಎರಡನೇ ಪಾಲನ್ನು ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು ಆರಂಭಿಸಬೇಕು, ಕಡಿಮೆಯೆಂದರೆ 2 ಗಂಟೆ ಮೊದಲು ಮುಗಿಸಬೇಕು. ಆ ಬಳಿಕ ನೀರೂ ಬೇಡ. ನಿಮ್ಮ ಆಸ್ಪತ್ರೆ ಇದಕ್ಕಿಂತ ಹೆಚ್ಚು ಅಂತರ ಹೇಳಿದ್ದರೆ ಅದನ್ನೇ ಪಾಲಿಸಿ.

ಈಗ ಲೆಕ್ಕ ಹಾಕಿ. ಪರೀಕ್ಷೆ ಬೆಳಿಗ್ಗೆ 8ಕ್ಕೆ ಎಂದಾದರೆ ನೀವು ನಡುರಾತ್ರಿ 3ರ ಹೊತ್ತಿಗೆ ಏಳಬೇಕು. 11ಕ್ಕೆ ಎಂದಾದರೆ ಬೆಳಿಗ್ಗೆ 6ಕ್ಕೆ ಎದ್ದರೆ ಸಾಕು. ಮಧ್ಯಾಹ್ನದ ನಂತರ ಎಂದಾದರೆ ಎರಡೂ ಪಾಲುಗಳನ್ನು ಅದೇ ದಿನ ಬೆಳಿಗ್ಗೆ ಕುಡಿಯುವ ಕ್ರಮವೂ ಇದೆ. ಆಗ ರಾತ್ರಿಯ ನಿದ್ದೆಗೆ ಧಕ್ಕೆಯೇ ಇಲ್ಲ. ಸಮಯ ಗೊತ್ತುಮಾಡುವಾಗಲೇ “ನನಗೆ ನಿದ್ದೆಯ ತೊಂದರೆ ಇದೆ, ಸ್ವಲ್ಪ ತಡವಾಗಿ ಸಮಯ ಕೊಡಿ” ಎಂದು ಕೇಳಿ. ಹೆಚ್ಚಿನವರು ಕೇಳುವುದೇ ಇಲ್ಲ.

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆ ಇರುವವರನ್ನು ಬಹಳ ಹೊತ್ತು ಖಾಲಿ ಹೊಟ್ಟೆಯಲ್ಲಿ ಇಡಬಾರದೆಂದು ಸಾಮಾನ್ಯವಾಗಿ ಬೆಳಿಗ್ಗೆ ಬೇಗ ಕರೆಯುತ್ತಾರೆ. ನಿಮಗೆ ಸಕ್ಕರೆ ಕಾಯಿಲೆಯೂ ಇದ್ದು ನಿದ್ರಾಹೀನತೆಯೂ ಇದ್ದರೆ ಎರಡನ್ನೂ ಹೇಳಿ. ಹತ್ತು ಹನ್ನೊಂದು ಗಂಟೆಯ ಸಮಯ ಎರಡಕ್ಕೂ ಹೊಂದಿಕೆಯಾಗಬಹುದು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ವೈದ್ಯರು ಅರ್ಧ ಮಾತ್ರ ಯೋಚಿಸಬಲ್ಲರು.

ಊರಿನಿಂದ ಆಸ್ಪತ್ರೆಗೆ ಎರಡು ಮೂರು ಗಂಟೆಯ ಬಸ್ ಪ್ರಯಾಣ ಇರುವವರು ಹಿಂದಿನ ದಿನವೇ ಆಸ್ಪತ್ರೆಗೆ ಹತ್ತಿರವಿರುವ ನೆಂಟರ ಮನೆಗೆ ಹೋಗಿ ಉಳಿಯುವುದು ಮೇಲು. ಅನುಕೂಲವಿಲ್ಲದಿದ್ದರೆ ಹಿಂದಿನ ದಿನವೇ ಸೇರಿಸಿಕೊಳ್ಳಲು ಸಾಧ್ಯವೇ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ. ಔಷಧಿ ಕುಡಿದು ಬಸ್ ಹತ್ತುವ ಸಾಹಸ ಬೇಡ.

ರಾತ್ರಿಗಾಗಿ ಕೆಲವು ಸೂಚನೆಗಳು:

1. ಮೊದಲ ಪಾಲನ್ನು ಸಂಜೆ 5ರಿಂದ 6ರೊಳಗೆ ಆರಂಭಿಸಿ. ಸಾಮಾನ್ಯವಾಗಿ ಒಂದು ಗಂಟೆಯ ಹೊತ್ತಿಗೆ ಭೇದಿ ಶುರುವಾಗುತ್ತದೆ, ಕುಡಿದು ಮುಗಿಸಿದ ಎರಡು ಮೂರು ಗಂಟೆಯಲ್ಲಿ ಹತೋಟಿಗೆ ಬರುತ್ತದೆ. ರಾತ್ರಿ 8ಕ್ಕೆ ಆರಂಭಿಸಿದರೆ ನಡುರಾತ್ರಿಯವರೆಗೂ ಮಲಗಲಾಗದು.

2. ಔಷಧಿಯನ್ನು ಕಲಸಿ ತಣ್ಣಗೆ ಮಾಡಿಡಿ. ಹತ್ತು ಹದಿನೈದು ನಿಮಿಷಕ್ಕೆ ಒಂದು ಲೋಟದಂತೆ ಕುಡಿಯಿರಿ. ವಾಕರಿಕೆ ಬಂದರೆ ಅರ್ಧ ಗಂಟೆ ಬಿಟ್ಟು ಮುಂದುವರಿಸಿ.

3. ಹಾಲು ಹಾಕದ ಕಾಫಿ, ಚಹಾ ಕುಡಿಯಬಹುದು. ಆದರೆ ನಿದ್ದೆ ಬಾರದವರು ಮಧ್ಯಾಹ್ನದ ನಂತರ ಕಾಫಿ ಮುಟ್ಟದಿರುವುದು ಲೇಸು.

4. ಅಲಾರಂ ಮನೆಯ ಬೇರೊಬ್ಬರ ಕೈಯಲ್ಲಿರಲಿ. ಎಚ್ಚರವಾಗದೆ ಹೋದರೆ ಎಂಬ ಚಿಂತೆಯಲ್ಲೇ ಎಷ್ಟೋ ಜನರ ನಿದ್ದೆ ಹಾರಿಹೋಗುತ್ತದೆ.

5. ಹಾಸಿಗೆಯಿಂದ ಶೌಚಾಲಯದವರೆಗೆ ಸಣ್ಣ ದೀಪ ಉರಿಯುತ್ತಿರಲಿ. ದಾರಿಯಲ್ಲಿ ಚಾಪೆ, ಸ್ಟೂಲು ಇರಬಾರದು. ಬಚ್ಚಲ ನೆಲ ಒಣಗಿರಲಿ. ನಿದ್ದೆಗಣ್ಣಿನಲ್ಲಿ ಅವಸರದಿಂದ ಓಡಿ ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ಮಂಡಿ ನೋವಿದ್ದವರಿಗೆ ಕುರ್ಚಿಯಂಥ ಕಮೋಡನ್ನು ಹಾಸಿಗೆಯ ಹತ್ತಿರವೇ ಇಡಿ.

6. ಮೊದಲ ಸಲ ಹೋಗುವ ಮುಂಚೆಯೇ ಮಲದ್ವಾರದ ಸುತ್ತ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಸವರಿ. ಚರ್ಮ ಉರಿಯುವುದು ಕಡಿಮೆಯಾಗುತ್ತದೆ.

ಇಷ್ಟು ಮಾಡಿಯೂ ನಿದ್ದೆ ಬರದಿದ್ದರೆ ಗಾಬರಿ ಬೇಡ. ಸುಮ್ಮನೆ ಒರಗಿಕೊಂಡು ದೇಹಕ್ಕೆ ವಿಶ್ರಾಂತಿ ಕೊಡಿ. ಒಂದು ರಾತ್ರಿ ನಿದ್ದೆ ಕೆಟ್ಟಿತೆಂದು ಪರೀಕ್ಷೆ ಕೆಡುವುದಿಲ್ಲ.

ನಿದ್ದೆ ಮಾತ್ರೆ ಮತ್ತು ಗೊರಕೆ

ಪರೀಕ್ಷೆಯ ಸಮಯದಲ್ಲಿ ನೋವಾಗದಂತೆ ಹೆಚ್ಚಿನವರಿಗೆ ಮಂಪರು ಬರಿಸುವ ಚುಚ್ಚುಮದ್ದು ಕೊಡುತ್ತಾರೆ. ಆಲ್ಪ್ರಜೋಲಾಂ, ಕ್ಲೋನಾಜೆಪಾಂ, ಜೋಲ್ಪಿಡೆಮ್ ಮುಂತಾದ ನಿದ್ದೆ ಮಾತ್ರೆಗಳು ಆ ಮದ್ದಿನ ಜೊತೆ ಸೇರಿದರೆ ಉಸಿರಾಟ ನಿಧಾನವಾಗಬಹುದು. ಆದ್ದರಿಂದ ಎಷ್ಟು ವರ್ಷದಿಂದ, ಎಷ್ಟು ಮಾತ್ರೆ ನುಂಗುತ್ತಿದ್ದೀರಿ ಎಂಬುದನ್ನು ಸಂಕೋಚವಿಲ್ಲದೆ ಹೇಳಿ. ಪಕ್ಕದ ಮನೆಯವರು ಕೊಟ್ಟ ಮಾತ್ರೆಯಾಗಿದ್ದರೂ ಹೇಳಿ. ‘ಇಂದು ಒಂದು ಹೆಚ್ಚು ನುಂಗಿ ಮಲಗುತ್ತೇನೆ’ ಎನ್ನಬೇಡಿ. ಹಾಗೆಂದು ಬಹುಕಾಲದಿಂದ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಲೂ ಬೇಡಿ, ಅದರಿಂದಲೂ ಅಪಾಯವಿದೆ. ಪರೀಕ್ಷೆ ಮುಗಿದ ರಾತ್ರಿ ನಿದ್ದೆ ಮಾತ್ರೆ ತೆಗೆದುಕೊಳ್ಳಬಹುದೇ ಎಂಬುದನ್ನು ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಕೇಳಿ ತಿಳಿದುಕೊಳ್ಳಿ.

ಜೋರಾಗಿ ಗೊರಕೆ ಹೊಡೆಯುವವರು, ನಿದ್ದೆಯಲ್ಲಿ ಉಸಿರು ನಿಂತಂತಾಗಿ ಬೆಚ್ಚಿ ಏಳುವವರು, ಹಗಲಿಡೀ ತೂಕಡಿಸುವವರು ಇದನ್ನೂ ಹೇಳಲೇಬೇಕು. ಇದಕ್ಕೆ ‘ಸ್ಲೀಪ್ ಅಪ್ನಿಯಾ’ ಎಂದು ಹೆಸರು. ಮಂಪರಿನಲ್ಲಿ ಗಂಟಲಿನ ಸ್ನಾಯುಗಳು ಇನ್ನಷ್ಟು ಸಡಿಲವಾಗುತ್ತವೆ. ಮೂಗಿಗೆ ಕಟ್ಟಿಕೊಳ್ಳುವ ಸಿಪ್ಯಾಪ್ ಯಂತ್ರ ಇದ್ದವರು ಹಿಂದಿನ ರಾತ್ರಿ ತಪ್ಪದೆ ಬಳಸಿ, ಆಸ್ಪತ್ರೆಗೂ ಜೊತೆಯಲ್ಲಿ ಒಯ್ಯಿರಿ. ‘ಪದೇ ಪದೇ ಏಳಬೇಕಲ್ಲ’ ಎಂದು ಅದನ್ನು ಪಕ್ಕಕ್ಕಿಡಬೇಡಿ. ಗೊರಕೆಯ ವಿಷಯ ಗೊರಕೆ ಹೊಡೆಯುವವರಿಗಿಂತ ಪಕ್ಕದಲ್ಲಿ ಮಲಗುವವರಿಗೇ ಚೆನ್ನಾಗಿ ಗೊತ್ತು. ಆದ್ದರಿಂದ ವೈದ್ಯರ ಬಳಿಗೆ ಗಂಡ ಹೆಂಡತಿ ಇಬ್ಬರೂ ಹೋಗಿ.

ಬೇರೆ ಮಾತ್ರೆಗಳ ಪಟ್ಟಿ

ನೀವು ನುಂಗುವ ಎಲ್ಲ ಮಾತ್ರೆಗಳ ಹೆಸರನ್ನು ಕಡಿಮೆಯೆಂದರೆ ಎರಡು ವಾರ ಮೊದಲೇ ಒಂದು ಹಾಳೆಯಲ್ಲಿ ಬರೆದು ವೈದ್ಯರಿಗೆ ತೋರಿಸಿ. ಮುಖ್ಯವಾಗಿ ಇವು:

*ಸಕ್ಕರೆ ಕಾಯಿಲೆ:* ಆಹಾರ ಕಡಿಮೆಯಾದಾಗ ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್‌ನಂಥ ಮಾತ್ರೆಗಳಿಂದ ಸಕ್ಕರೆ ಅಂಶ ಕುಸಿಯಬಹುದು. ಪ್ರಮಾಣವನ್ನು ವೈದ್ಯರೇ ಇಳಿಸಿಕೊಡಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೊಸ ಬಗೆಯ ಮಾತ್ರೆಗಳನ್ನು ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಇಲ್ಲವಾದರೆ ಉಪವಾಸದಲ್ಲಿ ರಕ್ತದಲ್ಲಿ ಆಮ್ಲ ಹೆಚ್ಚುವ ಅಪಾಯವಿದೆ.

*ಹೃದಯ:* ಸ್ಟೆಂಟ್ ಅಥವಾ ಕೃತಕ ಕವಾಟ ಇರುವವರು ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ ಮಾತ್ರೆಗಳನ್ನು ಹೃದಯ ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬಾರದು. ಬಿ.ಪಿ. ಮಾತ್ರೆಯನ್ನು ಹೆಚ್ಚಾಗಿ ಒಂದು ಗುಟುಕು ನೀರಿನಲ್ಲಿ ನುಂಗಲು ಹೇಳುತ್ತಾರೆ. ಮೂತ್ರ ಹೆಚ್ಚಿಸುವ ಮಾತ್ರೆಯ ಬಗ್ಗೆ ಮಾತ್ರ ಪ್ರತ್ಯೇಕವಾಗಿ ಕೇಳಿ.

*ಕಿಡ್ನಿ:* ಭೇದಿ ಔಷಧಿಗಳೆಲ್ಲಾ ಒಂದೇ ಅಲ್ಲ. ಪಾಲಿಇಥಿಲೀನ್ ಗ್ಲೈಕಾಲ್ ಪುಡಿಯನ್ನು ಲವಣಗಳ ಜೊತೆ ಬೆರೆಸಿರುವುದು ಸಾಮಾನ್ಯವಾಗಿ ಹೆಚ್ಚು ಸುರಕ್ಷಿತ. ಸೋಡಿಯಂ ಫಾಸ್ಫೇಟ್ ಇರುವ ಔಷಧಿಗಳಿಂದ ಕಿಡ್ನಿಗೆ ಹಾನಿಯಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2008ರಲ್ಲೇ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದೆ. ಅಂಗಡಿಯವರು ಬದಲಿ ಔಷಧಿ ಕೊಟ್ಟರೆ ವೈದ್ಯರನ್ನು ಕೇಳದೆ ಕುಡಿಯಬೇಡಿ.

*ಕಬ್ಬಿಣದ ಮಾತ್ರೆ:* ಮಲವನ್ನು ಕಪ್ಪಾಗಿಸಿ ಅಂಟುವಂತೆ ಮಾಡುತ್ತದೆ. ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕು.

*ಮೂರ್ಛೆ ರೋಗ, ಥೈರಾಯ್ಡ್ ಮುಂತಾದವು:* ಭೇದಿ ಔಷಧಿಗೆ ಒಂದು ಗಂಟೆಯೊಳಗೆ ನುಂಗಿದ ಮಾತ್ರೆ ಮೈಗೆ ಹತ್ತದೆ ಕೊಚ್ಚಿಹೋಗಬಹುದು. ಅಂತರ ಇಟ್ಟುಕೊಳ್ಳಿ.

ಅಡುಗೆ ಮನೆಯಲ್ಲಿ

ಬಹುಮಂದಿಗೆ ಹಿಂದಿನ ಒಂದು ದಿನದ ಪಥ್ಯ ಸಾಕು ಎಂಬುದು ಈಗಿನ ಅಭಿಪ್ರಾಯ. ಮಲಬದ್ಧತೆ ಇರುವವರಿಗೆ ಮತ್ತು ಬಹುಕಾಲದ ಸಕ್ಕರೆ ಕಾಯಿಲೆಯವರಿಗೆ ಹೆಚ್ಚು ದಿನ ಹೇಳಬಹುದು. ನಾರು, ಬೀಜ, ಸಿಪ್ಪೆ ಇರುವುದು ಬೇಡ: ರಾಗಿ ಮುದ್ದೆ, ಕುಚ್ಚಲಕ್ಕಿ ಅನ್ನ, ಸೊಪ್ಪು, ಕಾಳು, ತೆಂಗಿನ ತುರಿ, ಸೀಬೆ, ಟೊಮೆಟೊ ಇವುಗಳನ್ನು ದೂರವಿಡಿ. ಬೆಳ್ತಿಗೆ ಅನ್ನ, ಮೊಸರು, ಮೊಟ್ಟೆ, ಬಿಳಿ ಬ್ರೆಡ್ಡು, ಮುಳ್ಳು ತೆಗೆದ ಮೀನು ಹಗುರವಾದವು.

ಆಸ್ಪತ್ರೆ ಹೇಳಿದ ಹೊತ್ತಿನಿಂದ ತಿಳಿಯಾದ ದ್ರವ ಮಾತ್ರ. ಗಂಜಿಯ ಅನ್ನವಲ್ಲ, ಸೋಸಿದ ತಿಳಿ. ಸೋಸಿದ ನಿಂಬೆ ಶರಬತ್ತು, ಸೋಸಿದ ತರಕಾರಿ ಸಾರು, ಎಳನೀರು ಆಗಬಹುದು. ಕಿಡ್ನಿ ತೊಂದರೆಯವರಿಗೆ ಪೊಟ್ಯಾಸಿಯಂ ಇರುವ ಎಳನೀರು ಬೇಡ. ಕರಾವಳಿಯವರ ಪ್ರೀತಿಯ ಪುನರ್ಪುಳಿ ಶರಬತ್ತೂ ಬೇಡ, ಬೀಟ್‌ರೂಟ್ ರಸವೂ ಬೇಡ. ಆ ಕೆಂಪು ಬಣ್ಣ ಕರುಳಿನಲ್ಲಿ ರಕ್ತದಂತೆ ಕಾಣುತ್ತದೆ. ಬರೀ ನೀರನ್ನೇ ವಿಪರೀತ ಕುಡಿದರೆ ಮೈಯ ಉಪ್ಪಿನಂಶ ಇಳಿಯುತ್ತದೆ, ಉಪ್ಪು ಹಾಕಿದ ತಿಳಿಯೂ ನಡುನಡುವೆ ಇರಲಿ.

ಕೊನೆಗೆ ಭೇದಿಯು ತಿಳಿಹಳದಿ ನೀರಿನಂತೆ ಹೋಗತೊಡಗಿದರೆ ಕರುಳು ಸಿದ್ಧವಾಯಿತೆಂದು ತಿಳಿಯಿರಿ. ನಿಲ್ಲದ ವಾಂತಿ, ತೀವ್ರ ಹೊಟ್ಟೆನೋವು, ತಲೆತಿರುಗಿ ಬೀಳುವುದು, ಎದೆನೋವು, ಮಾತು ತಡವರಿಸುವುದು ಕಂಡರೆ ಔಷಧಿ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ತಿಳಿಸಿ.

ಇದು ವ್ರತದ ಉಪವಾಸವಲ್ಲ

ನಮ್ಮ ಹಿರಿಯರಲ್ಲಿ ಕೆಲವರು ಹಸಿವನ್ನು ಸಹಿಸುವುದನ್ನೇ ಪುಣ್ಯವೆಂದು ಭಾವಿಸಿ ಇಲ್ಲಿಯೂ ಹಾಗೆಯೇ ಮಾಡುತ್ತಾರೆ. ಕೈ ನಡುಗುತ್ತಿದ್ದರೂ, ಮೈ ಬೆವರುತ್ತಿದ್ದರೂ ಸಕ್ಕರೆ ನೀರು ಕುಡಿಯುವುದಿಲ್ಲ. ಇದು ತಪ್ಪು. ಸಕ್ಕರೆ ಅಂಶ 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಪರೀಕ್ಷೆಯ ಸಮಯ ಹತ್ತಿರ ಬಂದಿದ್ದರೂ ಕುಡಿದು ಆಸ್ಪತ್ರೆಗೆ ತಿಳಿಸಿ. ಪರೀಕ್ಷೆ ಸ್ವಲ್ಪ ತಡವಾದರೂ ಚಿಂತೆಯಿಲ್ಲ.

ಆ ದಿನ ಭಾನುವಾರವಾಗಿದ್ದು ಬಲಿಪೂಜೆಗೆ ಹೋಗಲಾಗದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅನಾರೋಗ್ಯ ನ್ಯಾಯವಾದ ಕಾರಣವೆಂದು ಧರ್ಮಸಭೆಯೇ ಹೇಳುತ್ತದೆ. ನೀರು ಮತ್ತು ಔಷಧಿ ಪರಮಪ್ರಸಾದದ ಉಪವಾಸವನ್ನು ಮುರಿಯುವುದಿಲ್ಲ ಎಂಬುದೂ ನೆನಪಿರಲಿ.

ಮನೆಯವರ ಪಾಲು

ಮಂಪರಿನ ಮದ್ದು ಕೊಟ್ಟ ಮೇಲೆ 24 ಗಂಟೆ ಗಾಡಿ ಓಡಿಸಬಾರದು, ಮುಖ್ಯ ಪತ್ರಗಳಿಗೆ ಸಹಿ ಹಾಕಬಾರದು. ಜೊತೆಗೆ ಒಬ್ಬರು ಬೇಕೇ ಬೇಕು. ಮಕ್ಕಳು ದೂರವಿರುವ ಹಿರಿಯರು ಪರೀಕ್ಷೆ ಮುಂದೂಡುವುದು ಬಹಳಷ್ಟು ಸಲ ಇದೇ ಕಾರಣಕ್ಕೆ. ಇನ್ನು ಕೆಲವರ ಮನೆಯಲ್ಲಿ ಹಾಸಿಗೆ ಹಿಡಿದ ಗಂಡನೋ ಅತ್ತೆಯೋ ಇರುತ್ತಾರೆ. “ನಾನು ಹೋದರೆ ಅವರನ್ನು ನೋಡುವವರು ಯಾರು?” ಎಂದು ತಾಯಿ ತನ್ನ ಚೀಟಿಯನ್ನು ಕಪಾಟಿನಲ್ಲಿಡುತ್ತಾಳೆ. ನೋಡಿಕೊಳ್ಳುವವಳೇ ಮಲಗಿಬಿಟ್ಟರೆ ಆಗ ಇಬ್ಬರನ್ನೂ ನೋಡುವವರು ಯಾರು?

ಒಂದು ಹಗಲು, ಒಂದು ರಾತ್ರಿಯ ಸಹಾಯ ಸಾಕು. ನೆರೆಯವರನ್ನು ಕೇಳಿ. ನಿಮ್ಮ ವಾರ್ಡಿನ ಕುಟುಂಬ ಕೂಟದಲ್ಲಿ ಬಾಯಿಬಿಟ್ಟು ಹೇಳಿ. ಧರ್ಮಕೇಂದ್ರದ ಯುವಕರು ತಮ್ಮ ಪಾಳಿಯನ್ನು ಹಂಚಿಕೊಳ್ಳಬಲ್ಲರು. ಕೇಳುವುದು ಅವಮಾನವಲ್ಲ, ಇನ್ನೊಬ್ಬರಿಗೆ ಉಪಕಾರ ಮಾಡುವ ಅವಕಾಶ ಕೊಟ್ಟಂತೆ.

ಫಲಿತಾಂಶ ಬಂದ ಮೇಲೆ ಅದನ್ನು ಮಕ್ಕಳಿಗೂ ಒಡಹುಟ್ಟಿದವರಿಗೂ ತಿಳಿಸಿ. ತಂದೆ, ತಾಯಿ, ಅಣ್ಣ, ತಂಗಿಯರಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್ ಆಗಿದ್ದರೆ ಉಳಿದವರು ಸಾಮಾನ್ಯವಾಗಿ 40ನೇ ವಯಸ್ಸಿಗೆ, ಅಥವಾ ಅವರಿಗೆ ರೋಗ ಕಂಡ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮೊದಲೋ ಆಗ ಪರೀಕ್ಷೆ ಮಾಡಿಸಿಕೊಳ್ಳಬೇಕು. ನೀವು ಮುಚ್ಚಿಟ್ಟರೆ ಅವರಿಗೆ ಗೊತ್ತಾಗುವುದು ಹೇಗೆ?

ಮನೆಮಂದಿ ಕುಳಿತು ಚರ್ಚಿಸಲು

1. ನಮ್ಮ ಮನೆಯಲ್ಲಿ ಮಡಿಚಿಟ್ಟ ವೈದ್ಯರ ಚೀಟಿ ಯಾವುದಾದರೂ ಇದೆಯೇ? ಯಾರದು? ಏಕೆ ಹಾಗೇ ಉಳಿದಿದೆ?

2. ಅಪ್ಪ, ಅಮ್ಮ ಯಾವ ಯಾವ ಮಾತ್ರೆ ನುಂಗುತ್ತಾರೆ, ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡುತ್ತಾರೆ ಎಂಬುದು ನಮಗೆ ಗೊತ್ತೇ?

3. ನಮ್ಮ ವಾರ್ಡಿನಲ್ಲಿ ಒಬ್ಬರೇ ಇರುವ ಹಿರಿಯರು ಯಾರು? ಅವರನ್ನು ಆಸ್ಪತ್ರೆಗೆ ಕರೆದೊಯ್ಯಲು ನಮ್ಮಲ್ಲಿ ಯಾರು ಸಿದ್ಧರಿದ್ದೇವೆ?

ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಎದ್ದು ಹೋಗಿ ಆ ಕಪಾಟನ್ನು ತೆರೆಯಿರಿ. ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಫೋನು ಮಾಡಿ, ಮತ್ತು ಸಮಯ ಕೇಳುವಾಗ ನಿಮ್ಮ ನಿದ್ದೆಯ ವಿಷಯವನ್ನೇ ಮೊದಲು ಹೇಳಿ.